ಅಮೋಘಪ್ಪ ಮಾಸ್ತರರ ಹೈಬ್ರೀಡ್ ಕಾರು

ಎಲ್ಲ ತಾಪತ್ರಯಕ್ಕೂ ಮೂಲ ಸ್ಟಿಯರಿಂಗಿನ ಕೆಳಗಿದ್ದ ಹೆಬ್ಬೆರಳು ಗಾತ್ರದ ಹಿತ್ತಾಳೆ ನಳ. ಅದನ್ನು ಮೇಲಕ್ಕೆ ತಿರುಗಿಸಿದರೆ ಅಮೋಘಪ್ಪ ಮಾಸ್ತರರ ಹಳೆಯ ಕಾರು ಪೆಟ್ರೋಲ್ ಕುಡಿಯುತ್ತಿತ್ತು. ಕೆಳಕ್ಕೆ ತಿರುಗಿಸಿದರೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಪೆಟ್ರೋಲಿನಲ್ಲಿ ಚಾಲೂ ಮಾಡಬೇಕು, ಇಂಜಿನ್ ಕಾಯ್ದ ಮೇಲೆ ಎಣ್ಣೆಗೆ ದಾಟಿಸಬೇಕು. ಹೊಲಗಳಿಗೆಲ್ಲ ಹೈಬ್ರೀಡ್ ಜೋಳ ಬಂದಿದ್ದ ಕಾಲ. ಸೇಡಂ ರಸ್ತೆಯ ಓಣಿಯವರು ಈ ಬೆರಕೆ ಕಾರಿಗೂ ಅದೇ ಹೆಸರಿಟ್ಟಿದ್ದರು.

ರೇಷನ್ ಎಣ್ಣೆಯನ್ನು ಕಾರಿಗೆ ಸುರಿಯುವುದು ಅಪರಾಧ. ಕಮಲಾಪುರದ ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರರು ಸಿಕ್ಕಿಬಿದ್ದರೆ ನೌಕರಿಗೇ ಸಂಚಕಾರ.

ಅಂದು ಬೆಳಿಗ್ಗೆ ಕಾರು ಚಾಲೂ ಆಗಿ, ಇನ್ನೇನು ನಳಕ್ಕೆ ಕೈ ಹಾಕಬೇಕು, ಕಿಟಕಿಯಲ್ಲೊಂದು ಮುಖ ಕಂಡಿತು. ರೇಷನ್ ತಪಾಸಣೆಯ ಜಗದೇವಪ್ಪ ಸಾಹೇಬರು!

"ಕಮಲಾಪುರಕ್ಕ ಹೊಂಟೀರೇನ್ರಿ ಮಾಸ್ತರ್? ನಂದೂ ಅಲ್ಲೇ ಕೆಲಸ ಅದ. ಬಸ್ ಹೋಗಿಬಿಟ್ಟದ."

ಉತ್ತರಕ್ಕೆ ಕಾಯದೆ ಸಾಹೇಬರು ಪಕ್ಕದಲ್ಲಿ ಕೂತರು. ಮಾಸ್ತರರ ಕೈ ಚೇಳು ಕಂಡಂತೆ ನಳದಿಂದ ಹಿಂದೆ ಸರಿಯಿತು.

ಅಷ್ಟರಲ್ಲಿ ಎದುರುಮನೆಯ ದುಂಡಮ್ಮ ಕಸಬರಿಗೆ ಹಿಡಿದೇ ಬಂದಳು. "ಯಾಕ್ರಿ ಮಾಸ್ತರ್, ಇವತ್ತ ನಿಮ್ಮ ಹೈಬ್ರೀಡ್ ಹೊಗೀನೇ ಬಿಡವಲ್ದು? ಎಣ್ಣಿ ತೀರ್ಯದೇನು?"

"ಇಂಜಿನ್ ಆಯಿಲ್ ಬಗ್ಗೆ ಕೇಳ್ತಾಳ್ರಿ ಸಾಹೇಬ್ರ!"

"ಹೌದೌದು, ನನ್ನ ಸ್ಟೋವಿನ ವಾಸನಿ ಹೊಡಿಯೋ ಇಂಜಿನ್ ಆಯಿಲ್!"

ಮಾಸ್ತರರು ಕಾರು ಬಿಟ್ಟೇಬಿಟ್ಟರು.

ಊರು ದಾಟುತ್ತಲೇ ಸಾಹೇಬರು ಮೂಗು ಅರಳಿಸಿದರು. "ಏನೋ ವಾಸನಿ ಬರ್ಲಾಕತ್ತದಲ್ರಿ?"

"ನನ್ನ ಅಂಗೀದ್ರಿ. ಸ್ಟೋವ್ ಹಚ್ಚಿದ್ದೆ."

"ಮತ್ತ ಈ ಕಾರು?"

"ಪೆಟ್ರೋಲ್ರಿ! ಎಕ್ದಮ್ ಸಾಚಾ ಪೆಟ್ರೋಲ್!"

"ಇದೇನ್ರಿ, ಮೊಣಕಾಲಿಗೆ ಹತ್ತೋ ನಳ?"

"ಅದು... ರೇಡಿಯೋದ್ರಿ."

"ಹಚ್ಚಿರಿ ಮತ್ತ, ಸುದ್ದಿ ಕೇಳೋಣು."

"ಕೆಟ್ಟದ್ರಿ!"

ಇದ್ದದ್ದು ಮೂರೇ ಲೀಟರ್ ಪೆಟ್ರೋಲು, ವಾರವಿಡೀ ಚಾಲೂ ಮಾಡಲು ಇಟ್ಟದ್ದು. ಮಾಸ್ತರರ ಲೆಕ್ಕದ ಪ್ರಕಾರ ಕೊನೆಯ ಹನಿ ಕಮಲಾಪುರದ ಬಾಗಿಲಲ್ಲೇ ತೀರಬೇಕು. ಮಹಾಗಾಂವ ಕ್ರಾಸಿನಲ್ಲಿ ಕಾರು ಬಿಕ್ಕಳಿಸಿತು. ಎಣ್ಣೆಗೆ ತಿರುಗಿಸಿದರೆ ಹಿಂದೆ ಮೋಡದಂಥ ಹೊಗೆ, ತಿರುಗಿಸದಿದ್ದರೆ ನಡುದಾರಿ. ಇಳಿಜಾರು ಸಿಕ್ಕಲ್ಲೆಲ್ಲ ಮಾಸ್ತರರು ಕಾರನ್ನು ಸುಮ್ಮನೆ ಉರುಳಬಿಟ್ಟರು. ಏರಿನಲ್ಲಿ, ತಾವು ಉಸಿರಾಡಿದರೂ ಪೆಟ್ರೋಲು ಖರ್ಚಾದೀತೆಂಬಂತೆ ಉಸಿರು ಬಿಗಿಹಿಡಿದರು.

ಕಮಲಾಪುರದ ಬಸ್ ನಿಲ್ದಾಣದ ಮುಂದೆ ಕಾರು ಕೆಮ್ಮಿ, ನಡುಗಿ, ನಿಂತಿತು. ಉಳಿದೆ, ಎಂದುಕೊಂಡರು ಮಾಸ್ತರರು.

ಸಾಹೇಬರು ಇಳಿದು ನಿಟ್ಟುಸಿರುಬಿಟ್ಟರು. "ಖರೆ ಹೇಳ್ತೀನ್ರಿ ಮಾಸ್ತರ್. ನನ್ನ ಹತ್ರಾನೂ ಇಂಥಾದ್ದೇ ಹಳೇ ಕಾರ್ ಅದ. ಚಿಮಣಿ ಎಣ್ಣಿ ಮ್ಯಾಲ ಓಡ್ತದ. ನಾನೇ ರೇಡ್ ಹಾಕಿ ಹಾಕಿ, ಈಗ ಯಾವ ಅಂಗಡ್ಯಾಂವನೂ ಒಂದ ಹನಿ ಕೊಡವಲ್ಲ. ನಿಮ್ಮ ಬಾಗಿಲದಾಗ ವಾಸನಿ ಬಂತು. ನಮ್ಮ ಪೈಕಿ ಮನುಷ್ಯಾ ಸಿಕ್ಕ, ಎಣ್ಣಿ ಎಲ್ಲಿ ಸಿಗ್ತದ ಕೇಳೋಣಂತ ನಿಮ್ಮ ಕಾರ್ ಹತ್ತಿದೆ. ಆದ್ರ ಇಷ್ಟ ದೂರ ಹೊಗೀನೇ ಇಲ್ಲ! ನಿಮ್ದು ಖರೇನೇ ಪೆಟ್ರೋಲ್ ಕಾರು!"

ಮಾಸ್ತರರ ಮುಖ ಅರಳಿತು. "ಸಾಹೇಬ್ರ, ಖರೆ ಅಂದ್ರ ನಂದೂ ಎಣ್ಣಿ ಕಾರೇ..."

"ಬ್ಯಾಡ್ರಿ!" ಸಾಹೇಬರು ಕೈ ಮುಗಿದರು. "ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡ್ರಿ. ನಿಮ್ಮಂಥಾ ಸಾಚಾ ಮನುಷ್ಯಾನ್ನ ನೋಡಿ ನನಗ ನಾಚಿಕಿ ಬಂದದ. ಇವತ್ತೇ ಆ ಕಾರ್ ಮಾರ್ತೀನಿ. ಇನ್ನೂ ಒಂದ ವರ್ಷ ನನ್ನ ತಪಾಸಣಿ ಇದೇ ಕಡೀಗದ; ದಿನಾ ನಿಮ್ಮ ಪೆಟ್ರೋಲ್ ಕಾರಿನಾಗೇ ಬರ್ತೀನಿ. ನಾಳಿ ಎಂಟಕ್ಕ ತಯಾರಿರ್ರಿ!"