ಸೊಂಟದಲ್ಲಿ ರೊಟ್ಟಿ, ಗೇಟಿನಲ್ಲಿ ಸೊಸೆ

ಮನೆಯಲ್ಲಿ ಪೊಲೀಸರಿದ್ದರೆ ಧೈರ್ಯ ಎಂದು ಹೇಳುವವರೆಲ್ಲ ಪೊಲೀಸರಿಲ್ಲದ ಮನೆಯವರು. ನಮ್ಮ ಮನೆಯಲ್ಲಿ ಪೊಲೀಸರಿದ್ದಾರೆ. ಧೈರ್ಯವೆಲ್ಲ ಅವರ ಹತ್ತಿರವೇ ಇದೆ, ನನ್ನ ಪಾಲಿಗೆ ಏನೂ ಮಿಕ್ಕಿಲ್ಲ. ನನ್ನ ಹೆಂಡತಿ ಗಿರಿಜಾ ಹೆಡ್ ಕಾನ್‌ಸ್ಟೇಬಲ್. ನಾನು ಶೇಷಾದ್ರಿಪುರದ ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವವನು. ಬಂದವರ ಬ್ಯಾಗನ್ನು ಒಳಗೆ ಬಿಡದಿರುವುದು ನಮ್ಮಿಬ್ಬರಿಗೂ ಕೆಲಸ. ನಾನು "ಬ್ಯಾಗ್ ಹೊರಗಿಡಿ" ಎಂದು ಬೋರ್ಡು ಬರೆಸಿ, ಅದರ ಕೆಳಗೇ ಕುರ್ಚಿ ಹಾಕಿಕೊಂಡು, ಸಾಲದೆಂದು ಬಾಯಲ್ಲೂ ಹೇಳುತ್ತೇನೆ. ಹುಡುಗರು "ಹ್ಞೂಂ ಸಾರ್" ಎಂದು ಬ್ಯಾಗಿನ ಸಮೇತ ಒಳಗೆ ಹೋಗುತ್ತಾರೆ. ಗಿರಿಜಾ ಬಾಯಿ ಬಿಡುವುದೇ ಇಲ್ಲ. ಸುಮ್ಮನೆ ನೋಡುತ್ತಾಳೆ, ಜನ ತಾವಾಗಿಯೇ ಜೇಬು ಖಾಲಿ ಮಾಡುತ್ತಾರೆ. ಆ ನೋಟ ಮನೆಯಲ್ಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಾಂಧಿಬಜಾರಿನಲ್ಲಿ ನಾನು ಕದ್ದು ತಿಂದ ಬೋಂಡಾಗಳೆಲ್ಲ ಚಪ್ಪಲಿ ಬಿಡುವ ಮೊದಲೇ ತಪ್ಪೊಪ್ಪಿಗೆಯಾಗಿ ಹೊರಬಿದ್ದಿವೆ.

ಊರಿನಲ್ಲಿ ಕ್ರಿಕೆಟ್ ಮ್ಯಾಚು ಎಂದರೆ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ನನ್ನ ಬೆಲೆ ಏರುತ್ತದೆ. ವರ್ಷವೆಲ್ಲ ನನ್ನನ್ನು ಕಂಡೂ ಕಾಣದಂತೆ ಹೋಗುವ ಎದುರುಮನೆಯವರು "ಟೀ ಆಯ್ತಾ ಸಾರ್?" ಎನ್ನುತ್ತಾರೆ. ಇಸ್ತ್ರಿ ಅಂಗಡಿಯವರು ನನ್ನ ಅಂಗಿಗೆ ಕಾಲರಿನ ಒಳಭಾಗವನ್ನೂ ಉಜ್ಜಿ ಕೊಡುತ್ತಾರೆ. ಎಲ್ಲರಿಗೂ ಪಾಸು ಬೇಕು. ನಮಗೆ ಪಾಸು ಗೀಸು ಏನೂ ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆಮೇಲೆ ಕಾಲರು ಮತ್ತೆ ಮುದುರಿಕೊಂಡೇ ಬರುತ್ತದೆ. ನಿಜ ಹೇಳಬೇಕೆಂದರೆ ಅಷ್ಟು ಮ್ಯಾಚುಗಳಿಗೆ ಹೋಗಿಬಂದಿರುವ ಗಿರಿಜಾ ಇವತ್ತಿನವರೆಗೂ ಒಂದೇ ಒಂದು ಚೆಂಡು ನೋಡಿಲ್ಲ. "ನೀನು ನೋಡಿರೋದ್ರಲ್ಲಿ ಒಳ್ಳೇ ಸಿಕ್ಸರ್ ಯಾವ್ದು?" ಎಂದು ಒಮ್ಮೆ ಕೇಳಿದ್ದೆ. "ನಾನು ನೋಡಿರೋದೆಲ್ಲ ಹ್ಯಾಂಡ್‌ಬ್ಯಾಗು ಕಣ್ರೀ" ಎಂದಳು. ಗೇಟಿನಲ್ಲಿ ಹಾಕಿದರೆ ಹೆಂಗಸರ ತಪಾಸಣೆ. ಒಳಗೆ ಹಾಕಿದರೆ ಮೈದಾನಕ್ಕೆ ಬೆನ್ನು ಕೊಟ್ಟು ಜನರ ಕಡೆ ಮುಖ ಮಾಡಿ ನಿಲ್ಲುವುದು. ಹಿಂದೆ ಯಾರು ಔಟಾದರೂ ತಿರುಗಿ ನೋಡುವಂತಿಲ್ಲ. ಮುಂದಿನ ಜನ ತಲೆ ಮೇಲೆ ಕೈ ಇಟ್ಟುಕೊಂಡರೆ ನಮ್ಮವರು ಔಟು, ಅಪರಿಚಿತರನ್ನು ತಬ್ಬಿಕೊಂಡರೆ ಎದುರಿನವರು ಔಟು ಎಂದು ತಿಳಿದುಕೊಳ್ಳಬೇಕು.

ನಮ್ಮಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಸೊಸೆ ಮ್ಯಾಚು ನೋಡುತ್ತಾಳೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂದು ಬಳೇಪೇಟೆಯ ತನ್ನ ಅಣ್ಣಂದಿರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಹೋದ ಸಲದ ಮ್ಯಾಚಿನ ದಿನ ಗಿರಿಜಾ ವಾಪಸು ಬಂದವಳು ಹೊಸ್ತಿಲ ಮೇಲೇ ಕೂತುಬಿಟ್ಟಳು. ಬೆಳಕು ಹರಿಯುವ ಮೊದಲೇ ಬರಿಯ ಕಾಫಿ ಕುಡಿದು ಹೊರಟಿದ್ದಳು. ಊಟದ ಪೊಟ್ಟಣವೇನೋ ಬಂತಂತೆ, ಅದೇ ಹೊತ್ತಿಗೆ ಜನವೂ ಬಂದರಂತೆ, ಪೊಟ್ಟಣ ಬ್ಯಾರಿಕೇಡಿನ ಕೆಳಗೇ ಉಳಿಯಿತಂತೆ. ಬೂಟಿನ ಲೇಸು ಬಿಚ್ಚಲು ಬಗ್ಗಿದವಳಿಗೆ ಕಣ್ಣು ಕತ್ತಲಿಟ್ಟಿತು. ನಾನು ನೀರಿಗೆ ಓಡಿದೆ. ಲೋಟ ಹಿಡಿದು ಬರುವಷ್ಟರಲ್ಲಿ ಅಮ್ಮ ನೆಲದ ಮೇಲೆ ಕೂತು ಸೊಸೆಯ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಲೇಸು ಬಿಚ್ಚುತ್ತಿದ್ದಳು. "ಅತ್ತೆ, ಬೇಡ, ಕಾಲು ಮುಟ್ಬೇಡಿ" ಎಂದು ಗಿರಿಜಾ ಸಂಕೋಚದಿಂದ ಕಾಲೆಳೆದುಕೊಂಡರೆ, "ಸುಮ್ನೆ ಕೂತ್ಕೊಳೇ" ಎಂದು ಗದರಿದಳು. ಕಾಲು ಊದಿತ್ತು. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ತಾನು ಅತ್ತದ್ದು ನಮಗೆ ಗೊತ್ತಾಗದಿರಲೆಂದು ಆ ರಾತ್ರಿ ಹೊತ್ತಿನಲ್ಲಿ ಮಿಕ್ಸಿ ಹಾಕಿದಳು.

ಡಾಕ್ಟರು ಬಿ.ಪಿ. ಕಮ್ಮಿಯಿದೆ, ಹೊಟ್ಟೆ ಖಾಲಿ ಬಿಡಬೇಡಿ ಎಂದರು. ಅಲ್ಲಿಂದ ಅಮ್ಮನಿಗೆ ಒಂದೇ ಚಿಂತೆ ಹಿಡಿಯಿತು. ಇವಳು ಎಲ್ಲಿ ನಿಲ್ಲುತ್ತಾಳೆ, ಅಲ್ಲಿ ನೆರಳಿದೆಯೋ ಇಲ್ಲವೋ, ಜನ ನುಗ್ಗಿದರೆ ಪಕ್ಕಕ್ಕೆ ಸರಿಯಲು ಜಾಗವಿದೆಯೋ ಇಲ್ಲವೋ. ಟಿವಿಯಲ್ಲಿ ಬೇರೆ ಯಾವ ಊರಿನ ಮ್ಯಾಚು ಬಂದರೂ ಮುಂದೆ ಹೋಗಿ ಕೂತುಕೊಳ್ಳುವಳು. "ಆ ಚೆಂಡನ್ನೇ ಎಷ್ಟೊತ್ತು ತೋರಿಸ್ತಾರೋ, ಒಂದ್ಸಲ ಗೇಟ್ ತೋರ್ಸೋಕೆ ಇವರಿಗೇನು ರೋಗ" ಎಂದು ಬೈಯುವಳು. ಕೊನೆಗೊಂದು ದಿನ ನನ್ನನ್ನು ಕರೆದು, "ಮುಂದಿನ ಮ್ಯಾಚಿಗೆ ನನ್ನ ಕರ್ಕೊಂಡು ಹೋಗು. ಅವಳು ನಿಲ್ಲೋ ಜಾಗ ನಾನು ಕಣ್ಣಾರೆ ನೋಡ್ಬೇಕು" ಎಂದಳು. ಅಮ್ಮನ ನೆಪದಲ್ಲಿ ಮ್ಯಾಚು ನೋಡುವ ಯೋಗ ಬಂತೆಂದು ನಾನು ಒಳಗೊಳಗೇ ಕುಣಿದೆ. ಮಾತೃಭಕ್ತಿಯನ್ನು ಮುಖದ ಮೇಲೆ ತಂದುಕೊಂಡು ಎರಡು ಟಿಕೆಟ್ಟು ಕೊಂಡೆ.

ಗಿರಿಜಾ ಒಪ್ಪಿದಳು, ಆದರೆ ಷರತ್ತಿನ ಮೇಲೆ. ಯಾವಾಗಲೋ ಅವಳ ಚಿಕ್ಕಪ್ಪನೊಬ್ಬರು ಗೇಟಿನಲ್ಲಿ "ನಮ್ಮ ಹುಡುಗೀನೇ ಇದಾಳೆ" ಎಂದು ಇಡೀ ಸಾಲಿಗೆ ಸಾರಿ, ಪಕ್ಕದಿಂದ ನುಸುಳಲು ಹೋಗಿ, ಅವಳು ಮೇಲಿನವರಿಂದ ಮಾತು ಕೇಳಬೇಕಾಗಿ ಬಂದಿತ್ತು. "ಗೇಟ್ ಹತ್ರ ಅತ್ತೆ ಇಲ್ಲ, ಗಂಡ ಇಲ್ಲ. ಎಲ್ಲರ ಥರ ಸಾಲಲ್ಲಿ ಬರ್ಬೇಕು, ನನ್ನ ಹೆಸರು ಹಿಡಿದು ಕರೀಬಾರ್ದು. ಕೈಯಲ್ಲಿ ಏನೂ ಇರ್ಬಾರ್ದು. ಬಾಟ್ಲು, ಡಬ್ಬಿ, ಛತ್ರಿ, ತಿಂಡಿ, ಏನೂ." ಅಮ್ಮ ವಿಧೇಯತೆಯಿಂದ ತಲೆಯಾಡಿಸಿ, ಒಂದೇ ಪ್ರಶ್ನೆ ಕೇಳಿದಳು: "ಆ ಕುಂಯ್‌ಗುಡೋ ಕೋಲಿದೆಯಲ್ಲ, ಅದು ಯಾವ್ಯಾವುದಕ್ಕೆ ಕೂಗತ್ತೆ?" ಕಬ್ಬಿಣ, ಸ್ಟೀಲು, ಒಟ್ಟು ಲೋಹ ಕಂಡರೆ ಕೂಗುತ್ತದೆ ಎಂದು ಗಿರಿಜಾ ವಿವರಿಸಿದಳು. ಲೋಹಕ್ಕೆ ಮಾತ್ರವೇ ಎಂದು ಅಮ್ಮ ಮತ್ತೆ ಕೇಳಿದ್ದನ್ನು ನಾನು ವಿಜ್ಞಾನದ ಆಸಕ್ತಿ ಎಂದುಕೊಂಡೆ.

ಮ್ಯಾಚಿನ ದಿನ ಗಿರಿಜಾ ಎಂದಿನಂತೆ ಬೆಳಕು ಹರಿಯುವ ಮೊದಲೇ ಹೋದಳು. ಅವರೆಕಾಳಿನ ಕಾಲ, ಅಮ್ಮ ಕಾಳು, ಸಬ್ಬಸಿಗೆ ಸೊಪ್ಪು ಹಾಕಿ ಅಕ್ಕಿ ರೊಟ್ಟಿ ತಟ್ಟಿದಳು. ನಾನು ತಿಂದೆ. ಹೊರಡುವಾಗ ನೋಡುತ್ತೇನೆ, ಅಮ್ಮ ಸೀರೆಯ ಪಿನ್ನುಗಳನ್ನೆಲ್ಲ ಕಿತ್ತಿಟ್ಟಿದ್ದಾಳೆ. ತಲೆಯ ಹೇರ್‌ಪಿನ್ನೂ ಇಲ್ಲ, ಜಡೆಗೆ ದಾರ ಕಟ್ಟಿಕೊಂಡಿದ್ದಾಳೆ. "ಕೋಲು ಕೂಗ್ಬಾರ್ದು ನೋಡು" ಎಂದಳು. ಮೆಟ್ರೋದಲ್ಲಿ ಸಾಮಾನ್ಯವಾಗಿ ಕಿಟಕಿಗೆ ಒರಗಿ ತೂಕಡಿಸುವ ಅಮ್ಮ ಅವತ್ತು ಬೆನ್ನು ನೆಟ್ಟಗೆ ಮಾಡಿಕೊಂಡು ಮಹಾರಾಣಿಯಂತೆ ಕೂತಿದ್ದಳು. ಸ್ಟೇಷನ್ನಿನ ತಪಾಸಣೆಯಲ್ಲಿ ಕೋಲು ಕೂಗಲಿಲ್ಲ ಎಂದು ಅವಳಿಗೆ ಆದ ಸಂತೋಷ ನೋಡಿ, ಪಾಪ, ವಯಸ್ಸಾದವರಿಗೆ ಎಷ್ಟು ಸಣ್ಣ ವಿಷಯಕ್ಕೆಲ್ಲ ಖುಷಿಯಾಗುತ್ತದೆ ಎಂದು ನನಗೆ ಅಂತಃಕರಣ ಉಕ್ಕಿತು.

ಸ್ಟೇಡಿಯಂ ಸುತ್ತ ಜನವೋ ಜನ. ಕೆನ್ನೆಗೆ ಬಣ್ಣ ಬಳಿದುಕೊಂಡವರು, ಮೈಗೆಲ್ಲ ಬಾವುಟ ಸುತ್ತಿಕೊಂಡವರು, ಪೀಪಿ ಊದುವವರು. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು, ಮಧ್ಯೆ ಬ್ಯಾರಿಕೇಡು. ಸಾಲಿನ ತುದಿಯಲ್ಲಿ ಒಂದು ದೊಡ್ಡ ಡ್ರಮ್ಮು. ಅದರಲ್ಲಿ ಜನರಿಂದ ಕಿತ್ತುಕೊಂಡ ಬಾಟಲಿ, ಬಿಸ್ಕತ್ತು. ಡ್ರಮ್ಮಿನ ಪಕ್ಕ ಬಿಸಿಲಿನಲ್ಲಿ ಗಿರಿಜಾ. ನಾನು ಗಂಡಸರ ಸಾಲಿನಲ್ಲಿ ನಿಧಾನವಾಗಿ ಮುಂದೆ ಸರಿಯುತ್ತ ಅಮ್ಮನನ್ನೇ ನೋಡುತ್ತಿದ್ದೆ. ಗೇಟು ಹತ್ತಿರವಾದಂತೆ ಅಮ್ಮನ ನಡಿಗೆ ಇನ್ನೂ ಬಿಗಿಯಾಯಿತು. ಅವಳ ಸರದಿ ಬಂತು. ಗಿರಿಜಾ ಅವಳನ್ನು ನೋಡಿದಳು, ನೋಡದವಳಂತೆ "ಕೈ ಎತ್ತಿ ಅಮ್ಮ" ಎಂದಳು. ಅಮ್ಮನೂ ಯಾರೋ ಹೊರಗಿನವರಂತೆ ಗಂಭೀರವಾಗಿ ಕೈ ಎತ್ತಿದಳು. ಕೋಲು ಮೇಲಿಂದ ಕೆಳಗೆ ಹೋಯಿತು, ಕೂಗಲಿಲ್ಲ. ಅಮ್ಮನ ಮುಖದಲ್ಲಿ ವಿಜಯ. ಆಮೇಲೆ ಗಿರಿಜಾ ಕೈಯಲ್ಲಿ ತಡವಿದಳು. ಸೊಂಟದ ಹತ್ತಿರ ಅವಳ ಕೈ ನಿಂತಿತು.

"ಏನಮ್ಮ ಇದು?"

"ಸೊಂಟ ನೋವು. ಪಟ್ಟಿ ಕಟ್ಕೊಂಡಿದೀನಿ" ಎಂದಳು ಅಮ್ಮ.

ಆದರೆ ಸಬ್ಬಸಿಗೆ ಸೊಪ್ಪಿನ ವಾಸನೆ ಹೊಡೆಯುವ ನೋವಿನ ಪಟ್ಟಿಯನ್ನು ಯಾವ ಔಷಧಿ ಅಂಗಡಿಯೂ ಮಾರುವುದಿಲ್ಲ. ಪಿನ್ನಿಲ್ಲದ ಸೀರೆ ಸಡಿಲವಾಗಿತ್ತು, ಗಂಟು ಜಾರಿತ್ತು, ವಾಸನೆ ಬ್ಯಾರಿಕೇಡು ದಾಟಿ ನನ್ನ ಸಾಲಿಗೂ ಬಂತು. ಹಿಂದಿನ ಹುಡುಗಿಯರು ಮೂಗರಳಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು. ಗಿರಿಜಾ ಮನಸ್ಸು ಮಾಡಿದ್ದರೆ "ಹೋಗಿ ಅಮ್ಮ" ಎಂದುಬಿಡಬಹುದಿತ್ತು. ಒಂದು ಕ್ಷಣ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಕಡೆ ತಿರುಗಿ, "ಮೇಡಂ, ಇವರ ಹತ್ರ ತಿಂಡಿ ಇದೆ" ಎಂದಳು. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಹೆಮ್ಮೆಯೂ ಆಯಿತು.

ಮೇಡಂ ಚಿಕ್ಕ ವಯಸ್ಸಿನವರು, ಮುಖ ಗಂಟು ಹಾಕಿಕೊಂಡು ಬಂದರು. ಅಮ್ಮ ಗೋಡೆಯ ಕಡೆ ತಿರುಗಿ ಸೆರಗಿನ ಮರೆಯಲ್ಲಿ ಹಳೇ ಪಂಚೆಯ ತುಂಡು ಬಿಚ್ಚಿದಳು. ಒಳಗೆ ಬಾಳೆಲೆ, ಎಲೆಯೊಳಗೆ ಮಡಚಿದ ರೊಟ್ಟಿ. "ಡ್ರಮ್ಮಿಗೆ ಹಾಕಿ ಅಮ್ಮ. ಒಳಗೆ ತಿಂಡಿ ಬಿಡೋ ಹಾಗಿಲ್ಲ" ಎಂದರು ಮೇಡಂ.

"ಅನ್ನ ಬಿಸಾಕಿ ಅಭ್ಯಾಸ ಇಲ್ಲಮ್ಮ ನನಗೆ. ಇದು ನನಗೆ ತಂದಿದ್ದಲ್ಲ. ನನ್ನ ಸೊಸೆ ಇಲ್ಲಿ ಡ್ಯೂಟಿ ಮಾಡ್ತಾಳೆ. ಹೋದ್ಸಲ ತಲೆ ತಿರುಗಿ ಬಿದ್ಲು. ಇವತ್ತೂ ಬೆಳಿಗ್ಗೆಯಿಂದ ತಿಂದಿರಲ್ಲ."

"ಎಲ್ಲಿದಾರೆ ನಿಮ್ಮ ಸೊಸೆ? ಹೆಸರು ಹೇಳಿ, ಕರೆಸ್ತೀನಿ."

ಅಮ್ಮ ಗಿರಿಜಾಳ ಕಡೆ ನೋಡಲೇ ಇಲ್ಲ. ಆಕಾಶದ ಕಡೆ ನೋಡಿಕೊಂಡು ಹೇಳಿದಳು, "ಹೇಳೋ ಹಾಗಿಲ್ಲಮ್ಮ. ಗೇಟ್ ಹತ್ರ ಅತ್ತೆ ಇಲ್ಲ ಅಂತ ಹೇಳಿದಾಳೆ. ಹೆಸರು ಹಿಡಿದು ಕರೀಬಾರ್ದಂತೆ. ಮಾತು ಕೊಟ್ಟಿದೀನಿ."

ಮೇಡಂ ಗಿರಿಜಾಳನ್ನು ನೋಡಿದರು. ನೋಟದಲ್ಲೇ ಊರನ್ನು ಹೆದರಿಸುವ ನನ್ನ ಹೆಂಡತಿ ತಲೆ ತಗ್ಗಿಸಿ ಕೈಯಲ್ಲಿದ್ದ ಕೋಲಿನ ಬಟನ್ನನ್ನು ಸುಮ್ಮಸುಮ್ಮನೆ ಒತ್ತುತ್ತಿದ್ದಳು. ಕಣ್ಣು ತುಂಬಿತ್ತು. ಮೇಡಂ ಅವಳ ಕೈಯಿಂದ ಕೋಲು ತೆಗೆದುಕೊಂಡರು. "ಒಳಗೆ ಬಿಡೋ ಹಾಗಿಲ್ಲ ಅಂದೆ. ಹೊರಗೆ ತಿನ್ಬಾರ್ದು ಅಂತ ಎಲ್ಲೂ ಇಲ್ಲ. ಹೋಗಿ ಗಿರಿಜಾ, ಆ ಮರದ ಕೆಳಗೆ ತಿಂದು ಬನ್ನಿ. ನಾನು ನೋಡ್ಕೋತೀನಿ."

ಹೀಗೆ ನನ್ನ ಅಮ್ಮ ತಾನು ನೋಡಬೇಕೆಂದಿದ್ದನ್ನು ನೋಡಿದಳು. "ಆ ಗೇಟ್ ಹತ್ರಾನೇನೇ ನಿಲ್ಲೋದು ನೀನು? ಸ್ವಲ್ಪಾನೂ ನೆರಳಿಲ್ವಲ್ಲೇ" ಎಂದು ಗೊಣಗುತ್ತ, ದಾರಿಹೋಕರು ನೋಡದಂತೆ ಸೆರಗು ಅಡ್ಡ ಹಿಡಿದು ನಿಂತಳು. ಗಿರಿಜಾ ಮರದ ಕಟ್ಟೆಯ ಮೇಲೆ ಕೂತು ಮಕ್ಕಳ ಹಾಗೆ ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ತಿಂದಳು. ಅಮ್ಮ ಒಂದು ತುಂಡು ಮುರಿದು ಮೇಡಂಗೂ ಕೊಟ್ಟುಬಂದಳು. ನನ್ನ ಎದೆ ತುಂಬಿ ಬಂತು. ಎದೆಯೇನೋ ತುಂಬಿತ್ತು, ಆದರೆ ಅದೇ ಜಾಗದಲ್ಲಿ ಜರ್ಕಿನ್ನಿನ ಒಳಜೇಬೂ ತುಂಬಿದೆ ಎನ್ನುವುದು ನನಗೆ ತಿಳಿದದ್ದು ಗಂಡಸರ ಗೇಟಿನ ಕಾನ್‌ಸ್ಟೇಬಲ್ ಅಲ್ಲಿಗೆ ಕೈ ಹಾಕಿದಾಗ.

"ಏನ್ ಸಾರ್ ಇದು?" ಎಣ್ಣೆಣ್ಣೆಯಾದ ಎಲೆಯ ಪೊಟ್ಟಣವೊಂದು ಅವರ ಕೈಯಲ್ಲಿತ್ತು.

"ಗೊತ್ತಿಲ್ಲ" ಎಂದೆ. ಪೊಲೀಸರ ಮುಂದೆ ಇದಕ್ಕಿಂತ ಕೆಟ್ಟ ಉತ್ತರವಿಲ್ಲ.

ಬಿಚ್ಚಿದರು. ಬೆಳ್ಳಗೆ ಏನೋ ಕರಗುತ್ತಿತ್ತು. ರೊಟ್ಟಿ ಬಡಿಸುವಾಗ ಅಮ್ಮ ಬೆಣ್ಣೆ ಖಾಲಿ ಎಂದದ್ದು, ಆಮೇಲೆ ಚಳಿ ಇಲ್ಲದಿದ್ದರೂ ತಾನೇ ನಿಂತು ನನಗೆ ಜರ್ಕಿನ್ ತೊಡಿಸಿದ್ದು ಆಗ ನೆನಪಾಯಿತು. "ಬೆಣ್ಣೆ" ಎಂದೆ. "ಮ್ಯಾಚಿಗೆ ಬೆಣ್ಣೆ ಯಾಕ್ ತಂದ್ರಿ?" ಎಂದರು. ಈ ಪ್ರಶ್ನೆಗೆ ಮರ್ಯಾದಸ್ಥ ನಾಗರಿಕನ ಬಳಿ ಉತ್ತರವಿರುವುದಿಲ್ಲ. ದಿಕ್ಕು ತೋಚದೆ ಮರದ ಕಡೆ ಬೆರಳು ತೋರಿಸಿ, "ಅಲ್ಲಿ ರೊಟ್ಟಿ ತಿಂತಿದಾರಲ್ಲ, ಅವರು ನನ್ನ ಹೆಂಡತಿ" ಎಂದೆ. ಅವರು ಅನುಮಾನದಿಂದಲೇ ಕೂಗಿ ಕೇಳಿದರು: "ಗಿರಿಜಾ ಮೇಡಂ, ಇವರು ನಿಮ್ಮ ಯಜಮಾನ್ರಾ?"

ಗಿರಿಜಾ ತಲೆಯೆತ್ತಿದಳು. ಬೆಳಿಗ್ಗೆಯಿಂದ ಬಾಡಿದ್ದ ಮುಖಕ್ಕೆ ಬಣ್ಣ ಬಂದಿತ್ತು, ಒಂದು ಕೆನ್ನೆ ರೊಟ್ಟಿಯಿಂದ ಉಬ್ಬಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು, "ಗೇಟ್ ಹತ್ರ ನನಗೆ ಯಜಮಾನ್ರಿಲ್ಲ. ಚೆನ್ನಾಗಿ ಚೆಕ್ ಮಾಡಿ. ಬೆಣ್ಣೆ ಮಾತ್ರ ಈ ಕಡೆ ಕೊಟ್ಬಿಡಿ."

ಬೆಣ್ಣೆ ಕೈಯಿಂದ ಕೈಗೆ ಬ್ಯಾರಿಕೇಡು ದಾಟಿ ಹೋಯಿತು. ಅಮ್ಮ ಅದನ್ನು ರೊಟ್ಟಿಗೆ ಸವರುತ್ತಿದ್ದಳು, ಗಿರಿಜಾ ನಗುತ್ತಿದ್ದಳು. ನಾನು ಎರಡೂ ಕೈ ಎತ್ತಿಕೊಂಡು ನಿಂತಿದ್ದೆ. ಒಳಗೆ ಜನ ಹೋ ಎಂದು ಕೂಗಿದರು. ಯಾರೋ ಟಾಸ್ ಗೆದ್ದಿರಬೇಕು. ನನಗೆ ಅತ್ತ ಲಕ್ಷ್ಯವಿರಲಿಲ್ಲ. ಕಾನ್‌ಸ್ಟೇಬಲ್ ನನ್ನ ಇನ್ನೊಂದು ಜೇಬಿಗೆ ಕೈ ಹಾಕಿದ್ದರು, ಅಮ್ಮ ಅದರಲ್ಲಿ ಏನಿಟ್ಟಿದ್ದಾಳೋ ಎಂದು ನಾನೂ ಅವರಷ್ಟೇ ಕುತೂಹಲದಿಂದ ಕಾಯುತ್ತಿದ್ದೆ.