ಷಡ್ಡಕನ ಕೋಟಿನ ಒಳಗುಟ್ಟು

ನನ್ನ ಷಡ್ಡಕ ಒಂದು ಕೋಟು ಕೊಂಡ. ಹಾಕಿಕೊಂಡದ್ದು ಅವನು, ಮೈ ಉರಿದದ್ದು ನನಗೆ.

ಹೊಟ್ಟೆಕಿಚ್ಚು ಅಂತ ನೀವು ಅನ್ನುವ ಮೊದಲೇ ನಾನೇ ಒಪ್ಪಿಕೊಂಡುಬಿಡುತ್ತೇನೆ. ಹೌದು, ಹೊಟ್ಟೆಕಿಚ್ಚೇ. ಆದರೆ ನನ್ನ ಸ್ಥಿತಿಯನ್ನೂ ಸ್ವಲ್ಪ ನೋಡಿ. ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಮೆಷಿನ್, ಒಂದು ಕತ್ತರಿಸುವ ಮೇಜು, ಒಂದು ಇಸ್ತ್ರಿಪೆಟ್ಟಿಗೆ, ಒಂದು ನಿಲುವುಗನ್ನಡಿ. ಈ ಬೀದಿಯ ಅರ್ಧ ಜನರ ಸೊಂಟದ ಸುತ್ತಳತೆ ನನಗೆ ಬಾಯಿಪಾಠ (ಅವರು ಹೊರಗೆ ಹೇಳಿಕೊಳ್ಳುವ ಅಳತೆಯಲ್ಲ, ನಿಜವಾದದ್ದು). ಇಂಥ ನಾನು ಕೂಗಳತೆಯಲ್ಲಿ ಇರುವಾಗ, ನನ್ನ ಹೆಂಡತಿಯ ಸ್ವಂತ ತಂಗಿಯ ಗಂಡ ಯಾವನೋ ಡಿಸೈನರ್ ಹತ್ತಿರ ಹೋಗಿ, ನನ್ನ ಹತ್ತು ತಿಂಗಳ ದುಡಿಮೆಯಷ್ಟು ಹಣ ಸುರಿದು ಕೋಟು ತಂದರೆ, ಅದನ್ನು ತೋರಿಸಲಿಕ್ಕೆ ನೇರವಾಗಿ ನನ್ನ ಅಂಗಡಿಗೇ ಬಂದು ನನ್ನದೇ ಕನ್ನಡಿಯ ಮುಂದೆ ಹಿಂದೆಮುಂದೆ ತಿರುಗಿದರೆ, ನಾನೇನು ಆರತಿ ಎತ್ತಬೇಕೆ?

ಆರತಿಯ ಕೆಲಸವನ್ನು ನನ್ನ ಹೆಂಡತಿ ಮಾಡಿದಳು. ಒಳಗಿಂದ ಕೈ ಒರೆಸಿಕೊಂಡು ಬಂದವಳು ಕೋಟಿನ ತೋಳನ್ನು ಬೆಕ್ಕಿನ ಮರಿ ಸವರುವ ಹಾಗೆ ಸವರಿದಳು.

"ಅಬ್ಬಬ್ಬ! ಮೈಮೇಲೆ ಹೇಗೆ ಕೂತಿದೆ ನೋಡ್ರೀ."

"ಕೂರದೆ ಇನ್ನೇನು, ಎದ್ದು ಓಡುತ್ತಾ?" ಅಂದೆ.

"ಹೊಲಿಗೆ ಅಂದ್ರೆ ಇದು ಕಣ್ರೀ. ನೋಡಿ ಕಲಿತುಕೊಳ್ಳಿ."

ನೋಡಿ ಕಲಿತುಕೊಳ್ಳಬೇಕಂತೆ! ನಮ್ಮ ಮದುವೆಯಾಗಿ ಇಪ್ಪತ್ತೆರಡು ವರ್ಷ. ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಹೊಲಿದುಕೊಟ್ಟ ಯಾವ ಬಟ್ಟೆಯನ್ನು ತೊಟ್ಟರೂ ಈ ಮಹಾತಾಯಿಯ ಬಾಯಿಂದ ಬಂದದ್ದು ಎರಡೇ ಮಾತು: "ಹೂಂ, ಇರಲಿ." 'ಚೆನ್ನಾಗಿದೆ' ಅನ್ನುವ ಒಂದು ಶಬ್ದಕ್ಕಾಗಿ ನಾನು ಕಾದು ಕಾದು ಕೂದಲು ಹಣ್ಣು ಮಾಡಿಕೊಂಡೆ. ಆ ಶಬ್ದ ಕೊನೆಗೂ ನಮ್ಮ ಮನೆಗೆ ಬಂದದ್ದು ಷಡ್ಡಕನ ಬೆನ್ನ ಮೇಲೆ ಕೂತು.

(ಅವಳಿಗೆ ನಾನು ಹೊಲಿಯುವುದು ಗಿರಾಕಿಗಳ ಕೆಲಸವೆಲ್ಲ ಮುಗಿದ ಮೇಲೆ, ಉಳಿದ ದಾರದಲ್ಲಿ, ಡಬ್ಬದಲ್ಲಿ ಉಳಿದ ಗುಂಡಿ ಹಾಕಿ, ನಿಜ. ಆದರೆ ಮನೆಯವಳು ತಾನೇ? ಹೊಲಿಗೆ ಬಿಟ್ಟರೆ ಮತ್ತೆ ಹಾಕಿಕೊಟ್ಟರಾಯಿತು. ನಾಲ್ಕು ವರ್ಷದ ಹಿಂದೆ ಅವಳು ಆಸೆಪಟ್ಟು ತಂದ ಕಡುನೇರಳೆ ಸ್ಯಾಟಿನ್ ಬಟ್ಟೆ ಇನ್ನೂ ಮೇಲಿನ ಕಪಾಟಿನಲ್ಲೇ ಇದೆ, ಅದೂ ನಿಜ. ನಾಳೆ ಹೊಲಿಯುತ್ತೇನೆ ಅಂತ ನಾನು ಹೇಳುತ್ತಲೇ ಇದ್ದೇನಲ್ಲ!)

ಷಡ್ಡಕ ಹೋದ ಮೇಲೆ ನಾನು ಭಾಷಣ ಶುರುಹಚ್ಚಿಕೊಂಡೆ.

"ಲೇ, ಇವೆಲ್ಲ ಹೊರಗಿನ ಥಳಕು ಕಣೇ. ಕಾಸು ಕೊಡೋದು ಕಾಲರ್ ಹತ್ತಿರ ಇರೋ ಆ ಚೀಟಿಗೆ. ಒಳಗೆ ಬಿಚ್ಚಿ ನೋಡಿದ್ರೆ ಗೋಂದು ಹಾಕಿ ಅಂಟಿಸಿರ್ತಾರೆ."

"ನೀವು ಬಿಚ್ಚಿ ನೋಡಿದ್ದೀರಾ?"

"ನೋಡಬೇಕಾಗಿಲ್ಲ. ನನ್ನ ಅನುಭವ ಹೇಳುತ್ತೆ."

"ನಿಮ್ಮ ಅನುಭವ ಹೇಳ್ತಾ ಇರಲಿ. ನನ್ನ ಡ್ರೆಸ್ಸಿನ ತೋಳು ಮತ್ತೆ ಬಿಟ್ಟಿದೆ, ಮೊದಲು ಅದಕ್ಕೆರಡು ಹೊಲಿಗೆ ಹಾಕಿ."

ವಿಧಿ ನನ್ನ ಪಕ್ಷದಲ್ಲಿದೆ ಅಂತ ನನಗೆ ಅನ್ನಿಸಿದ್ದು ಮೂರು ತಿಂಗಳಾದ ಮೇಲೆ. ಷಡ್ಡಕ ಕೋಟನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಮುಖ ಬಾಡಿತ್ತು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು.

"ಅಣ್ಣಾ, ಗುಂಡಿ ಹಾಕೋಕೆ ಆಗ್ತಿಲ್ಲ. ಅಲ್ಲಿ ಕೇಳಿದ್ರೆ ಎರಡು ತಿಂಗಳು ಕಾಯಬೇಕಂತೆ. ಮಾವನವರ ಎಪ್ಪತ್ತೈದನೇ ಹುಟ್ಟುಹಬ್ಬ ಇನ್ನು ಹತ್ತೇ ದಿನ. ಒಂದೂವರೆ ಇಂಚು ಸಡಿಲ ಮಾಡಿಕೊಡಿ ಸಾಕು. ಹುಷಾರಾಗಿ ಅಣ್ಣಾ, ಇದು ಮಾಮೂಲಿ ಬಟ್ಟೆ ಅಲ್ಲ."

"ಮಾಮೂಲಿ ಬಟ್ಟೆ ಹೊಲಿಯೋನ ಹತ್ತಿರ ಯಾಕೆ ತಂದೆ ಮತ್ತೆ?" ಅಂತ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಸೌಜನ್ಯದ ಸಾಕ್ಷಾತ್ ಮೂರ್ತಿಯಾಗಿ, "ಇಟ್ಟು ಹೋಗಪ್ಪ" ಅಂದೆ. ಅವನು ಬೀದಿಯ ತಿರುವು ದಾಟುವಷ್ಟರಲ್ಲಿ ಬಾಗಿಲಿಗೆ ಚಿಲಕ ಹಾಕಿದೆ. ಶತ್ರು ತಾನಾಗಿಯೇ ನನ್ನ ಮೇಜಿನ ಮೇಲೆ ಮಲಗಿದ್ದ.

ಸಡಿಲ ಮಾಡಲಿಕ್ಕೆ ಬೆನ್ನಿನ ಒಂದು ಹೊಲಿಗೆ ಬಿಚ್ಚಿದರೆ ಸಾಕಾಗಿತ್ತು. ನಾನು ಬಿಚ್ಚಿದೆ. ಒಳಗೆ ಗೋಂದಿರಲಿಲ್ಲ. ಪಕ್ಕದ ಹೊಲಿಗೆಯಲ್ಲಿ ಇರುತ್ತದೆ ಅಂತ ಅದನ್ನೂ ಬಿಚ್ಚಿದೆ. ಅಲ್ಲೂ ಇರಲಿಲ್ಲ. ತೋಳಿನಲ್ಲಿ? ಇಲ್ಲ. ಕಾಲರಿನಲ್ಲಿ ಖಂಡಿತ ಮೋಸ ಇರುತ್ತದೆ, ಎಲ್ಲ ಟೈಲರುಗಳೂ ಕಳ್ಳತನ ಮಾಡುವುದು ಅಲ್ಲೇ (ನಾನು ಯಾರ ಹೆಸರನ್ನೂ ಹೇಳುವುದಿಲ್ಲ). ಕಾಲರ್ ಬಿಚ್ಚಿದೆ. ಒಳಗಿನ ಕ್ಯಾನ್ವಾಸಿಗೆ, ಯಾರ ಕಣ್ಣಿಗೂ ಎಂದೂ ಬೀಳದ ಜಾಗದಲ್ಲಿ, ಒಂದೇ ಸಮನಾದ ಪುಟ್ಟ ಪುಟ್ಟ ಕೈಹೊಲಿಗೆಗಳು ಸಾಲಾಗಿ ನಿಂತಿದ್ದವು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಕೆಟ್ಟ ಕೆಲಸಕ್ಕೆ ಅಷ್ಟು ದುಡ್ಡು ತಗೊಂಡಿದ್ದರೆ ಆ ಡಿಸೈನರನ್ನು ನಾನು ಕ್ಷಮಿಸಿಬಿಡುತ್ತಿದ್ದೆ. ಒಳ್ಳೆಯ ಕೆಲಸ ಮಾಡಿದ್ದನ್ನು ಹೇಗೆ ಕ್ಷಮಿಸುವುದು?

ಸಂಜೆಯ ಹೊತ್ತಿಗೆ ಕೋಟು ಕೋಟಾಗಿ ಉಳಿದಿರಲಿಲ್ಲ. ಮೇಜಿನ ತುಂಬ ತುಂಡುಗಳು. ಸರಿ, ಮತ್ತೆ ಜೋಡಿಸಿದರಾಯಿತು. ಜೋಡಿಸುವ ಮೊದಲು ತುಂಡುಗಳಿಗೆ ಇಸ್ತ್ರಿ ಹಾಕುವುದು ನನ್ನ ಪದ್ಧತಿ. ಎದೆಯ ಭಾಗ ಯಾಕೋ ಉಬ್ಬಿಕೊಂಡಿತ್ತು. ಬಿಚ್ಚುವಾಗ ಸುಕ್ಕಾಗಿದೆ ಅಂದುಕೊಂಡು, ನೀರು ಚಿಮುಕಿಸಿ, ಮೈಮೇಲಿನ ಭಾರವನ್ನೆಲ್ಲ ಬಿಟ್ಟು ಒತ್ತಿದೆ. ಅದು ಸುಕ್ಕಲ್ಲ ಸ್ವಾಮೀ! ಆ ಪುಣ್ಯಾತ್ಮ ಹಬೆ ಕೊಟ್ಟು ಕೊಟ್ಟು ಎದೆಯ ಆಕಾರಕ್ಕೆ ಬಟ್ಟೆಯನ್ನು ಬಗ್ಗಿಸಿ ತಂದಿದ್ದ ಉಬ್ಬು ಅದು. ನಾನು ಅದನ್ನು ಚಪಾತಿ ಮಾಡಿದ್ದೆ. ಗಾಬರಿಯಲ್ಲಿ ಕೈ ತಡೆದೆ. ತಡೆದ ಕೈ ಇಸ್ತ್ರಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟಿತ್ತು. ಎತ್ತಿದಾಗ ಒಳಗಿನ ನೇರಳೆ ಲೈನಿಂಗು ಕರಗಿ ಪೆಟ್ಟಿಗೆಯ ತಳಕ್ಕೆ ಅಂಟಿತ್ತು. ಮೇಲಿನ ಬೂದು ಬಟ್ಟೆಯ ಮೇಲೆ ಕಂದು ಬಣ್ಣದ ಮುದ್ರೆ ಬಿದ್ದಿತ್ತು.

"ಏನ್ರೀ ಸುಟ್ಟ ವಾಸನೆ?" ಒಳಗಿಂದ ಕೂಗು.

"ಏನಿಲ್ಲ ಕಣೇ, ದಾರ!" ಅಂದೆ.

ಮರುದಿನದಿಂದ ನನ್ನ ಅಜ್ಞಾತವಾಸ. ಎರಡು ದಿನ ಊರಿನ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿ ಅದೇ ಬೂದು ಬಣ್ಣದ, ಅದೇ ನೇಯ್ಗೆಯ ಬಟ್ಟೆಯನ್ನು ಹೇಗೋ ಹುಡುಕಿದೆ. ಆದರೆ ಆ ನೇರಳೆ ಲೈನಿಂಗು? ಎಲ್ಲೂ ಇಲ್ಲ. ಸೋತು ಬಂದು ಮೆಷಿನ್ ಮುಂದೆ ಕೂತಾಗ ನನ್ನ ಪಾಪಿ ಕಣ್ಣು ಮೇಲಿನ ಕಪಾಟಿಗೆ ಹೋಯಿತು.

ನಾಲ್ಕು ವರ್ಷ ಹೊಲಿಯದೆ ಇಟ್ಟದ್ದು ಎಷ್ಟು ಒಳ್ಳೆಯದಾಯಿತು ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅವಳ ಸ್ಯಾಟಿನ್ನೂ ಅದೇ ಕಡುನೇರಳೆ. ವ್ಯತ್ಯಾಸ ಒಂದೇ: ಅದರಲ್ಲಿ ಗೇಣಿಗೊಂದರಂತೆ ಸಣ್ಣ ಬೆಳ್ಳಿ ಗೆರೆ ಓಡುತ್ತಿತ್ತು. ಗೆರೆಯೆಲ್ಲ ಹೊಲಿಗೆಯ ಮಡಿಕೆಗೆ ಸೇರುವಂತೆ ಕತ್ತರಿಸಿದೆ. ಎಡಗಡೆಯ ಒಳಜೇಬಿನ ಕೆಳಗೆ ಒಂದು ಕಡೆ ಮಾತ್ರ ಗೆರೆ ಇಣುಕಿತು. ಕೋಟನ್ನು ಬಿಚ್ಚಿ ಅಲ್ಲಿ ಯಾರು ನೋಡುತ್ತಾರೆ, ನನ್ನಂಥ ಹೊಟ್ಟೆಕಿಚ್ಚಿನವನನ್ನು ಬಿಟ್ಟು?

ಆರು ದಿನ ಕೂತು ಹೊಸ ಕೋಟನ್ನೇ ಹೊಲಿದೆ. ಆ ಡಿಸೈನರ್ ಒಂದು ಇಂಚಿಗೆ ಹನ್ನೆರಡು ಹೊಲಿಗೆ ಹಾಕಿದ್ದರೆ ನಾನು ಹದಿನಾಲ್ಕು ಹಾಕಿದೆ. ಅವನ ಗುಂಡಿತೂತಿನ ಕಾಜಾಕ್ಕಿಂತ ನನ್ನ ಕಾಜಾ ನಯವಾಗಬೇಕು, ಅವನ ಕಾಲರಿಗಿಂತ ನನ್ನ ಕಾಲರ್ ಮೆತ್ತಗೆ ಮಗುಚಬೇಕು. ಅವನು ಎದುರಿಗೆ ಕೂತು ನಗುತ್ತಿದ್ದಾನೆ ಅಂದುಕೊಂಡೇ ಹೊಲಿದೆ. ಹಬೆ ಕೊಟ್ಟು ಬಟ್ಟೆ ಬಗ್ಗಿಸುವುದನ್ನೂ ಅವನ ಮೇಲಿನ ಸಿಟ್ಟಿನಲ್ಲೇ ಕಲಿತೆ. ಉಳಿದ ಗಿರಾಕಿಗಳನ್ನು ವಾಪಸು ಕಳಿಸಿದೆ. ಹುಟ್ಟುಹಬ್ಬಕ್ಕೆಂದು ಹೆಂಡತಿ ಕೊಟ್ಟಿದ್ದ ಡ್ರೆಸ್ಸನ್ನು ಕೊನೆಯ ಒಂದು ಗಂಟೆಯಲ್ಲಿ ಹೇಗೋ ಮುಗಿಸಿದೆ. ಕೆಳಗಿನ ಅಂಚು ಮಡಿಸಲು ಪುರುಸೊತ್ತಾಗದೆ ಗುಂಡುಸೂಜಿ ಚುಚ್ಚಿಕೊಟ್ಟೆ. ತೊಟ್ಟು ನೋಡಿ ಅವಳು "ಹೂಂ, ಇರಲಿ" ಅಂದಳು. ಕೊನೆಗೆ ಸುಟ್ಟ ಕೋಟಿನ ಚೀಟಿ ಬಿಡಿಸಿ ನನ್ನ ಕೋಟಿಗೆ ಹೊಲಿದೆ. ನನ್ನ ಕೂಸಿಗೆ ಇನ್ನೊಬ್ಬನ ಹೆಸರಿಡುವಾಗ ಕರುಳು ಚುರುಕ್ ಅಂದಿತು.

ಭಾನುವಾರ ಮಧ್ಯಾಹ್ನ ಸಭಾಂಗಣದ ತುಂಬ ನೆಂಟರು. ಅವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಮಾವನವರು ದೊಡ್ಡ ಕುರ್ಚಿಯಲ್ಲಿ ಕೂತಿದ್ದರು, ಆದರೆ ಎಲ್ಲರ ಕಣ್ಣೂ ಷಡ್ಡಕನ ಮೇಲೆ. ಕೋಟು ಅವನ ಹೊಟ್ಟೆಯನ್ನು ನುಂಗಿ ನೀರು ಕುಡಿದಿತ್ತು. ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತಿದ್ದ ಮಹಾರಾಯ.

"ಮೊದಲಿಗಿಂತ ಚೆನ್ನಾಗಿ ಕೂತಿದೆಯಲ್ರೀ!" ಅಂದಳು ನನ್ನ ನಾದಿನಿ ಗಂಡನ ಭುಜ ಸವರಿ.

"ಒಳ್ಳೆ ಬಟ್ಟೆ ತೊಡ್ತಾ ತೊಡ್ತಾ ಮೈಗೆ ಒಗ್ಗುತ್ತೆ," ಅಂದ ಷಡ್ಡಕ, ಅನುಭವಸ್ಥನ ಹಾಗೆ.

"ದುಡ್ಡು ಸುಮ್ಮನೆ ತಗೊಳ್ತಾರಾ?" ಅಂದರು ಮಾವನವರು. "ನೋಡಿ ಅಳಿಯಂದಿರೇ, ನೀವೂ ಇಂಥದ್ದೊಂದು ಹೊಲಿಯೋದು ಯಾವಾಗ?"

ನಾನು ಪೆಚ್ಚಾಗಿ ನಕ್ಕೆ. ಅಷ್ಟರಲ್ಲಿ ಬಗ್ಗಿ ತನ್ನ ಡ್ರೆಸ್ಸಿನ ಅಂಚಿನ ಗುಂಡುಸೂಜಿ ಸರಿಮಾಡಿಕೊಳ್ಳುತ್ತಿದ್ದ ನನ್ನ ಹೆಂಡತಿ ಎದ್ದು ನಿಂತು, ಆ ಕಾಲರನ್ನು, ನಾನು ಮೂರು ಸಲ ಬಿಚ್ಚಿ ಹೊಲಿದ ಆ ಕಾಲರನ್ನು ಮುಟ್ಟಿ ಹೇಳಿದಳು:

"ಇಷ್ಟು ಚೆನ್ನಾದ ಹೊಲಿಗೆ ನಾನು ನೋಡೇ ಇಲ್ಲ. ಇವರಿಗೆ ಏಳು ಜನ್ಮಕ್ಕೂ ಬರಲ್ಲ ಬಿಡಿ."

ಇಪ್ಪತ್ತೆರಡು ವರ್ಷ ಕಾದ ಮಾತು! ಕಣ್ಣೆದುರಿಗೇ ಇನ್ನೊಬ್ಬನ ಪಾಲಾಗುತ್ತಿತ್ತು. ಜಗತ್ತಿನಲ್ಲಿ ತನ್ನ ಮೇಲೆ ತಾನೇ ಹೊಟ್ಟೆಕಿಚ್ಚುಪಟ್ಟ ಮೊದಲ ಗಂಡಸು ನಾನೇ ಇರಬೇಕು. ತಡೆಯಲಾಗಲಿಲ್ಲ.

"ಅದನ್ನ ಹೊಲಿದಿದ್ದು ನಾನು!" ಅಂತ ಕಿರುಚಿದೆ.

ಸಭಾಂಗಣವೇ ಹಾರಿಹೋಗುವ ಹಾಗೆ ನಗು. ಮಾವನವರಿಗೆ ಕೆಮ್ಮು ಬಂದು ನೀರು ಕೊಡಬೇಕಾಯಿತು. "ಅಣ್ಣ ಒಂದೂವರೆ ಇಂಚು ಹೊಲಿದಿದ್ದಾರೆ, ಅದು ನಿಜ!" ಅಂತ ಷಡ್ಡಕ ಕಣ್ಣೊರೆಸಿಕೊಂಡ. ನನಗೆ ರೋಷ ನೆತ್ತಿಗೇರಿತು. ನುಗ್ಗಿ ಹೋಗಿ ಅವನ ಕೋಟಿನ ಎಡಗಡೆಯನ್ನು ಹಿಡಿದು ಪೂರ್ತಿ ತೆರೆದೆ. "ನೋಡಿ! ಒಳಗೆ ನೋಡಿ! ಇದು ಅವನ ಹೊಲಿಗೆಯಾ?"

ಯಾರಿಗೂ ಏನೂ ಗೊತ್ತಾಗಲಿಲ್ಲ. ನಗು ಇನ್ನೂ ಜೋರಾಯಿತು. ನಗು ನಿಲ್ಲಿಸಿದ್ದು ನನ್ನ ಹೆಂಡತಿ ಒಬ್ಬಳೇ. ಅವಳು ಒಳಜೇಬಿನ ಕೆಳಗಿನ ಬೆಳ್ಳಿ ಗೆರೆಯನ್ನು ನೋಡುತ್ತಿದ್ದಳು. ನಾನು ಏನು ತೋರಿಸಿಬಿಟ್ಟೆ ಅನ್ನುವುದು ನನಗೆ ಹೊಳೆದದ್ದು ಆಗ.

ಅವಳು ಮೆಲ್ಲಗೆ ನನ್ನ ಕೈ ಬಿಡಿಸಿ ಕೋಟನ್ನು ಮುಚ್ಚಿದಳು. "ಇವರಿಗೆ ಹಸಿವಾದರೆ ಹೀಗೇ ಏನೇನೋ ಮಾತಾಡ್ತಾರೆ. ಬನ್ನಿ, ಊಟಕ್ಕೆ ಹೋಗೋಣ," ಅಂದಳು. ಗಿರಾಕಿಯ ಕೋಟು ಸುಟ್ಟವನು ಅನ್ನುವ ಹೆಸರು ಅಷ್ಟೂ ಗಿರಾಕಿಗಳ ಮುಂದೆ ಬರದಂತೆ ನನ್ನನ್ನು ಉಳಿಸಿದ್ದು ಅವಳೇ.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಅಂಗಡಿ ಕೋಣೆಗೆ ನಡೆದಳು. ಮೇಲಿನ ಕಪಾಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಮೇಜಿನ ಕೆಳಗಿನ ಚೀಲ ಎಳೆದು ಸುಟ್ಟ ಕೋಟಿನ ತುಂಡುಗಳನ್ನು ಹರಡಿದೆ. ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ಅವಳು ಒಂದೊಂದು ತುಂಡನ್ನೂ ಎತ್ತಿ ಹೊಲಿಗೆಯ ಗುರುತುಗಳನ್ನು ಬೆರಳಿನಿಂದ ಸವರಿ ನೋಡಿದಳು.

"ಇದಕ್ಕಿಂತ ನಿಮ್ಮದೇ ಚೆನ್ನಾಗಿದೆ ಕಣ್ರೀ," ಅಂದಳು.

ಓಹೋ! ನನ್ನ ಕಾಲು ನೆಲದ ಮೇಲಿರಲಿಲ್ಲ. ಅವನ ಇಂಚಿಗೆ ಹನ್ನೆರಡು, ನನ್ನ ಇಂಚಿಗೆ ಹದಿನಾಲ್ಕು ಅಂತ ವಿವರಿಸಲು ಬಾಯಿ ತೆರೆದೆ.

"ಇಷ್ಟು ಚೆನ್ನಾಗಿ ಹೊಲಿಯೋಕೆ ನಿಮಗೆ ಬರುತ್ತೆ," ಅಂದಳು ಅವಳು ತುಂಡನ್ನು ಕೆಳಗಿಡುತ್ತ. "ಮತ್ತೆ ಇಪ್ಪತ್ತೆರಡು ವರ್ಷ ನನಗ್ಯಾಕ್ರೀ ಹಾಗೆ ಹೊಲಿದ್ರಿ?"

ನನಗೆ ಚೆನ್ನಾಗಿ ಹೊಲಿಯೋಕೆ ಬರಲ್ಲ ಅಂತಲೇ ಅಂದುಕೊಂಡಿದ್ದಳು ಪಾಪ. ಬರದವನನ್ನು ದೂರಿ ಏನು ಫಲ ಅಂತ ಇಷ್ಟು ವರ್ಷ "ಹೂಂ, ಇರಲಿ" ಅಂದಿದ್ದಳು.

"ನಾಳೆಯೇ ಹೊಸ ಸ್ಯಾಟಿನ್ ತರ್ತೀನಿ," ಅಂತ ತೊದಲಿದೆ. "ನಾಳೆಯೇ ಹೊಲಿದು..."

"ನಾಳೆ ಬೇಡ." ಅವಳು ಬಗ್ಗಿ ಅಂಚಿನ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಳು. "ನಾಳೆ ತಂಗಿ ಜೊತೆ ಆ ಡಿಸೈನರ್ ಹತ್ತಿರ ಹೋಗಿ ಅಳತೆ ಕೊಟ್ಟು ಬರ್ತೀನಿ. ದುಡ್ಡು ನೀವು ಕೊಡಿ. ಅಲ್ಲಾದ್ರೆ ನಾನೂ ಒಬ್ಬಳು ಗಿರಾಕಿ."

ಹೋದಳು, ಅಳತೆ ಕೊಟ್ಟಳು. ಎರಡು ತಿಂಗಳಿಗೆ ಡ್ರೆಸ್ ಬಂತು. ನಿನ್ನೆ ಸಂಜೆ ಅದನ್ನು ತೊಟ್ಟು ನನ್ನದೇ ನಿಲುವುಗನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಅಂಚು ಎಲ್ಲೂ ಒಂದು ಎಳೆ ಆಚೀಚೆ ಇಲ್ಲ. ತೋಳು ಭುಜಕ್ಕೆ ಹುಟ್ಟಿದಾಗಿನಿಂದ ಅಂಟಿಕೊಂಡೇ ಇದ್ದ ಹಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೆಂಡತಿ ಇಷ್ಟು ಚೆಂದ ಇದ್ದಾಳೆ ಅನ್ನುವುದು ನನಗೆ ಕಂಡದ್ದು ನಿನ್ನೆಯೇ, ಅದೂ ಆ ಡಿಸೈನರ್ ದಯದಿಂದ.

"ಹೇಗಿದೆ ಹೇಳಿ?" ಅಂದಳು ಕನ್ನಡಿಯೊಳಗಿಂದ ನನ್ನನ್ನು ನೋಡಿ.

ಕತ್ತರಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಾನೂ ಹೇಳಿದೆ:

"ಹೂಂ, ಇರಲಿ."