ಮೂರನೇ ಸಲ ಕೇಳದ ಮಕ್ಕಳು

ನಮ್ಮ ಕಡೆ ‘ಬೇಡ’ ಎನ್ನುವುದು ಉತ್ತರವಲ್ಲ, ಮಾತುಕತೆಯ ಆರಂಭ. ನೆಂಟರ ಮನೆಗೆ ಹೋದಾಗ ಕಾಫಿ ಕೊಡಲಾ ಎಂದು ಕೇಳಿದರೆ ಬೇಡ ಅನ್ನಬೇಕು. ಸ್ವಲ್ಪ ತಗೊಳ್ಳಿ ಎಂದರೆ ಅಯ್ಯೋ, ಈಗ ತಾನೇ ಕುಡಿದು ಬಂದೆ ಅನ್ನಬೇಕು. ಮೂರನೇ ಸಲ ಕೇಳಿದಾಗ, ನೀವು ಇಷ್ಟು ಹೇಳ್ತೀರಲ್ಲ ಅಂತ ಅರ್ಧ ಲೋಟ ಕೊಡಿ ಎಂದು ತುಂಬಿದ ಲೋಟ ಕುಡಿದು ಮುಗಿಸಬೇಕು. ಈ ಕಾನೂನು ನಾನು ಮಾಡಿದ್ದಲ್ಲ. ಗುಬ್ಬಿ ಹತ್ತಿರದ ನಮ್ಮೂರಿನಲ್ಲಿ, ನೆಂಟರ ಮನೆಗೆ ಹೊರಡುವ ಮುಂಚೆ ಅಮ್ಮ ನನ್ನ ತಲೆಗೆ ಎಣ್ಣೆ ಮೆತ್ತಿ ಬಾಚುತ್ತಾ ಹೇಳಿಕೊಟ್ಟದ್ದು. “ನೋಡ್ಲಾ, ಮೊದುಲ್ನೇ ಸಲಕ್ಕೇ ಹ್ಞೂಂ ಅಂದ್ಬುಟ್ಟೀಯ! ಊಟಾನೇ ಕಾಣ್ದೋನು ಅಂದ್ಕೊಂಡಾರು. ಮೂರು ಸಲ ಕೇಳ್ಲಿ, ಆಮೇಲ್ ತಿನ್ನು.” ಹಾಗೆ ಬೆಳೆದವನು ನಾನು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಮುಖದಲ್ಲಿ ಈಗಷ್ಟೇ ಊಟ ಮಾಡಿದ ಕಳೆ ತರುವುದು ನನಗೆ ನೀರು ಕುಡಿದಷ್ಟು ಸುಲಭ.

ಈ ವಿದ್ಯೆ ಊಟಕ್ಕೆ ಮಾತ್ರ ನಿಂತಿದ್ದರೆ ಪರವಾಗಿರಲಿಲ್ಲ. ಕುಣಿಗಲ್ಲಿಗೆ ಹೆಣ್ಣು ನೋಡಲು ಹೋದಾಗ ಜಯಮ್ಮ ಉಪ್ಪಿಟ್ಟಿನ ತಟ್ಟೆ ಇಟ್ಟು, ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿ ಒಳಗೆ ಹೋದಳು. ನನ್ನ ಮನಸ್ಸಿನಲ್ಲಿ ಆಗಲೇ ಮದುವೆಯಾಗಿಹೋಗಿತ್ತು. ಅವರಪ್ಪ, “ಹುಡುಗಿ ಒಪ್ಪಿಗೇನಾ?” ಎಂದರೆ ನಾನು, “ನಂದೇನೈತೆ, ಹಿರೀರು ಹೇಳ್ದಂಗೆ” ಎಂದೆ. ಎರಡನೇ ಸಲ ಕೇಳಿದರೂ ಅದೇ. ಪುಣ್ಯಕ್ಕೆ ಅವರು ನಮ್ಮ ಕಡೆಯವರೇ, ಮೂರನೇ ಸಲ ಕೇಳಿದರು. ಕೇಳದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಇದನ್ನು ಜಯಮ್ಮನಿಗೆ ಒಂದು ದಿನವೂ ಹೇಳಿದವನಲ್ಲ. ಅವಳು ಕೇಳಿದ್ದೂ ಇಲ್ಲ.

ಈಚೆಗೆ ಕುಣಿಗಲ್ಲಿನಲ್ಲಿ ಅವಳ ಅಕ್ಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಜಯಮ್ಮ ಚೀಲ ತುಂಬುತ್ತಾ, “ನಾನ್ ಹೋದ್ರೆ ನಿಮ್ಗೆ ಕಷ್ಟ ಆಗಲ್ವಾ?” ಎಂದಳು. “ಕಷ್ಟ ಏನು, ಹೋಗು” ಎಂದೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು, “ನಿಜ್ವಾಗ್ಲೂ?” ಎಂದಳು. “ನಾನೇನ್ ಮಗುನಾ?” ಎಂದೆ. ಮೂರನೇ ಸಲ ಕೇಳುವಷ್ಟರಲ್ಲಿ ಬಸ್ಸು ಬಂದುಬಿಟ್ಟಿತು. ಕುಣಿಗಲ್ ಏನು ಕಾಶಿಯೇ? ಹತ್ತಿದರೆ ಒಂದು ನಿದ್ದೆಯ ದಾರಿ. ಆದರೂ ಬಾ ಎಂದು ಕರೆಯಬೇಕಾದ ಬಾಯಿ ಬೇರೆಯೇ ತರಬೇತಿ ಪಡೆದಿತ್ತು. ದಿನಾ ಸಂಜೆ ಫೋನಿನಲ್ಲಿ, “ಊಟ ಆಯ್ತಾ?” “ಭರ್ಜರಿಯಾಗಿ ಆಯ್ತು.” ಕುಕ್ಕರಿನಲ್ಲಿ ಅನ್ನ ತಳ ಹಿಡಿದು, ಸೌಟಿನಲ್ಲಿ ಕೆರೆದರೂ ಬರದೆ ಕೂತಿರುತ್ತಿತ್ತು. ಹೋಟೆಲ್ ಊಟಕ್ಕೆ ನನ್ನ ಹೊಟ್ಟೆ ರಾತ್ರಿಯಿಡೀ ಭಾಷಣ ಮಾಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬೈಯುವವರಿಲ್ಲದ ಮನೆಯಲ್ಲಿ ಒಬ್ಬನೇ ತಟ್ಟೆ ಮುಂದೆ ಕೂರುವುದು ನನ್ನ ಕೈಲಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಶಿರಾ ಗೇಟಿನ ನಮ್ಮ ಮನೆಯ ಹಿಂದಿನ ಬೀದಿಯಿಂದ ಸೊಪ್ಪಿನ ಸಾರಿನ ಒಗ್ಗರಣೆ ವಾಸನೆ ಬಂತು. ಮೂಗು ಕರೆದುಕೊಂಡು ಹೋಯಿತು. ಒಂದು ಹಳೆಯ ಶೀಟಿನ ಮನೆ. ಪರೀಕ್ಷೆಗೆ ಓದುವವರು, ನರ್ಸಿಂಗ್ ಕಲಿಯುವವರು, ಅಂಗಡಿಗಳಲ್ಲಿ ಕೆಲಸ ಮಾಡುವವರು, ಹೀಗೆ ರೂಮುಗಳಲ್ಲಿ ಒಂಟಿಯಾಗಿ ಪಾರ್ಸೆಲ್ ತಿಂದು ಬೇಸತ್ತ ಹುಡುಗ ಹುಡುಗಿಯರೆಲ್ಲ ಸೇರಿ ಅದನ್ನು ಬಾಡಿಗೆಗೆ ಹಿಡಿದು ದಿನಾ ಸಂಜೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಿದ್ದರು. ಯಾರು ಬೇಕಾದರೂ ಬರಬಹುದು. ಕೈಲಾದ ಕೆಲಸ ಮಾಡಬೇಕು, ತಟ್ಟೆ ತೊಳೆದಿಡಬೇಕು. ಕೋರ ಎಂಬ ಊರಿನ ಮಂಜ ಎಂಬ ಗಟ್ಟಿಮುಟ್ಟಾದ ಹುಡುಗ ದೊಡ್ಡ ತಪ್ಪಲೆಯನ್ನು ಕಾಲಲ್ಲಿ ಒತ್ತಿ ಹಿಡಿದು ಮುದ್ದೆ ತೊಳಸುತ್ತಿದ್ದ. ಬಡಿಸುವ ಉಸ್ತುವಾರಿ ಭವ್ಯಳದು. ಹುಲಿಯೂರುದುರ್ಗದ ಹುಡುಗಿ, ಬಿ.ಎಡ್. ಓದುತ್ತಿದ್ದಾಳೆ. “ಬನ್ನಿ ಸಾರ್, ಬೆಳ್ಳುಳ್ಳಿ ಬಿಡಿಸ್ತೀರಾ?” ಎಂದಳು. ಕೂತು ಬಿಡಿಸಿದೆ.

ಊಟಕ್ಕೆ ಕೂತೆವು. ಮೊದಲ ಮುದ್ದೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಭವ್ಯ ಬಂದು, “ಇನ್ನೊಂದ್ ಮುದ್ದೆ ಹಾಕ್ಲಾ ಸಾರ್?” ಎಂದಳು. ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, “ಬೇಡಮ್ಮ, ಬೇಡ” ಎಂದೆ. ಬೆರಳುಗಳ ನಡುವೆ ಒಂದು ಮುದ್ದೆ ತೂರುವಷ್ಟು ಸಂದಿ ಬಿಟ್ಟಿದ್ದೆ. “ಸರಿ ಸಾರ್” ಎಂದು ಅವಳು ಮುಂದಕ್ಕೆ ಹೋಗೇಬಿಟ್ಟಳು! ನಾನು ಕೈ ಹಾಗೇ ಹಿಡಿದುಕೊಂಡು ಕಾದೆ. ಮಂಜ ಸಾರು ತಂದ. “ಸಾರು?” “ಬೇಡಪ್ಪ.” ಅವನೂ ಹೋದ. ಮನೆಗೆ ಬಂದು ಡಬ್ಬ ಕೆಳಗಿಳಿಸಿ ಕಡಲೆಪುರಿ ತಿಂದು ಮಲಗಿದೆ. ಎಂಥಾ ಕಾಲ ಬಂತಪ್ಪ, ಉಪಚಾರ ಗೊತ್ತಿಲ್ಲದ ಮಕ್ಕಳು ಎಂದು ಬೈದುಕೊಂಡೆ. ಮಾರನೆಯ ಸಂಜೆ ಎಲ್ಲರಿಗಿಂತ ಮುಂಚೆ ಹೋಗಿ ಕೂತಿದ್ದೆ ಎನ್ನುವುದು ಬೇರೆ ಮಾತು.

ಹೋಗುತ್ತಾ ಹೋಗುತ್ತಾ ಅಲ್ಲಿ ಒಂದು ವಿಚಿತ್ರ ಕಂಡೆ. ಈ ಮಕ್ಕಳಿಗೆ ‘ಬೇಕು’ ಎನ್ನುವುದಕ್ಕೆ ನಾಚಿಕೆಯೇ ಇಲ್ಲ. ಉಪ್ಪು ಬೇಕು, ಈರುಳ್ಳಿ ಬೇಕು, ನಾಳೆ ರಜ ಬೇಕು. ಒಂದು ಸಂಜೆ ಮಂಜ ಮುಖ ಸಣ್ಣದು ಮಾಡಿಕೊಂಡು ಬಂದವನೇ, “ಇವತ್ತು ಪರೀಕ್ಷೆ ರಿಸಲ್ಟ್ ಬಂತು, ನನ್ ನಂಬರ್ ಇಲ್ಲ. ಯಾರಾದ್ರೂ ಪಕ್ಕದಲ್ ಕೂತ್ಕೊಳ್ರೋ” ಎಂದ. ಇಬ್ಬರು ತಟ್ಟೆ ಎತ್ತಿಕೊಂಡು ಬಂದು ಕೂತರು, ಅಷ್ಟೇ. ಬುದ್ಧಿವಾದವಿಲ್ಲ, ಸಮಾಧಾನವಿಲ್ಲ. ಅವನು ಎರಡು ತುತ್ತಿನ ನಂತರ ಕಣ್ಣೊರೆಸಿಕೊಂಡು ಉಪ್ಪಿನಕಾಯಿ ಕೇಳಿದ. ಅಪ್ಪ ತೀರಿಕೊಂಡಾಗ ನಾನು ಬಂದವರಿಗೆಲ್ಲ ನನಗೇನಾಗಿಲ್ಲ, ನೀವು ಕಾಫಿ ಕುಡಿಯಿರಿ ಎನ್ನುತ್ತಾ ಓಡಾಡಿದ್ದು ನೆನಪಾಯಿತು. ಪಕ್ಕದಲ್ಲಿ ಕೂತುಕೊಳ್ಳಿ ಎಂದು ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ.

ಅವರೆಕಾಯಿ ಕಾಲ. ಅಂತರಸನಹಳ್ಳಿ ಮಾರುಕಟ್ಟೆಯಿಂದ ಸೊಗಡವರೆ ಮೂಟೆ ಬಂತು. ಸುಲಿದು ನೆನೆಸಿಟ್ಟ ಕಾಳಿನ ಸುತ್ತ ಎಲ್ಲರೂ ಕೂತು, ಸಿಪ್ಪೆಯಿಂದ ಬೇಳೆ ಹೊರಗೆ ಜಿಗಿಯುವಂತೆ ಹಿತುಕಿದೆವು. ಹಿತುಕಿದ ಬೇಳೆ ಸಾರು ಎಂದರೆ ನನಗೆ ಪ್ರಾಣ. ಬೆರಳ ತುದಿ ಸುಕ್ಕುಗಟ್ಟುವವರೆಗೂ ಹಿತುಕಿ, ಊಟಕ್ಕೆ ಕೂತು, ಭವ್ಯ ಸೌಟು ಹಿಡಿದು “ಇನ್ನಷ್ಟು ಹಾಕ್ಲಾ?” ಎಂದಾಗ ನನ್ನ ಈ ಹಾಳು ಬಾಯಿ “ಬೇಡಮ್ಮ” ಎಂದುಬಿಟ್ಟಿತು! ಅವಳು ಮುಂದಕ್ಕೆ ಹೊರಟಳು. ನನಗೆ ರೇಗಿಹೋಯಿತು. “ಅಲ್ಲಮ್ಮ, ದೊಡ್ಡೋರನ್ನ ಇನ್ನೊಂದ್ಸಲ ಕೇಳ್ಬೇಕು ಅಂತ ಮನೇಲ್ ಯಾರೂ ಹೇಳ್ಕೊಟ್ಟಿಲ್ವಾ?”

ಅವಳು ಬೆಪ್ಪಾಗಿ ನಿಂತಳು. “ನೀವೇ ಬೇಡ ಅಂದ್ರಲ್ಲ ಸಾರ್? ನೀವ್ ಹೇಳಿದ್ದು ಸುಳ್ಳು ಅಂದ್ಕೊಳ್ಳಾ?”

ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. “ಇಲ್ಲಿ ಬೇಕು ಅಂದೋರ್ಗೆ ಇಲ್ಲ ಅನ್ನಲ್ಲ ಸಾರ್. ಬೇಡ ಅಂದೋರ್ಗೆ ಬಲವಂತ ಮಾಡಲ್ಲ. ಅಷ್ಟೇ ರೂಲ್ಸು. ಈಗ ಹೇಳಿ, ಬೇಕಾ?”

ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಸೊಸೈಟಿ ಆಫೀಸಿನಲ್ಲಿ ತಲೆ ನರೆಸಿಕೊಂಡ ಮನುಷ್ಯ ನಾನು, ಬೆವರಿದೆ. “ಬೇಕು” ಎಂದೆ. ಧ್ವನಿ ಕೀರಲಾಗಿ ಬಂತು. ಮಂಜ ಚಪ್ಪಾಳೆ ತಟ್ಟಿದ. ತಟ್ಟೆ ತುಂಬಿತು. ಆಹಾ, ಎಂಥಾ ಸಾರು!

ಆ ಧೈರ್ಯ ಆರುವ ಮುಂಚೆಯೇ ಜಯಮ್ಮನ ಫೋನು ಬಂತು. “ಅಕ್ಕ ಕೋಲು ಹಿಡ್ಕೊಂಡು ಓಡಾಡ್ತಾವ್ಳೆ. ಇನ್ನೊಂದ್ ವಾರ ಇರ್ಲಾ, ಬರ್ಲಾ?” “ಬಾ. ನೀನಿಲ್ದೆ ಆಗ್ತಿಲ್ಲ, ನೀನ್ ಬೇಕು” ಎಂದೆ. ಅವಳು ಗಾಬರಿಯಿಂದ, “ಏನ್ರೀ ಆಯ್ತು? ಎದೆ ನೋವಾ?” “ಏನಿಲ್ಲ ಕಣೇ.” “ಅಯ್ಯೋ ದೇವ್ರೇ, ಏನಿಲ್ಲ ಅಂತಾರಲ್ಲ!” ಎಂದು ಅಳುವುದಕ್ಕೇ ಶುರು ಮಾಡಿದಳು. ನನ್ನ ‘ಏನಿಲ್ಲ’ದ ಅರ್ಥ ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದು, ಚಪ್ಪಲಿಯನ್ನೂ ಬಿಡದೆ ನನ್ನ ಹಣೆ ಮುಟ್ಟಿ ನೋಡಿದಳು. ಕಾಯಿಲೆ ಸಿಗದಿದ್ದಕ್ಕೆ ಚೆನ್ನಾಗಿ ಬೈದಳು. ಆ ಬೈಗುಳ ಕೇಳಿ ಮನೆಗೆ ಜೀವ ಬಂತು.

ಸಂಜೆ ಅವಳನ್ನೂ ಊಟಕ್ಕೆ ಕರೆದುಕೊಂಡು ಹೋದೆ. “ಅಮ್ಮ, ಇನ್ನೊಂದ್ ಮುದ್ದೆ ಹಾಕ್ಲಾ?” ಎಂದಳು ಭವ್ಯ. “ಅಯ್ಯೋ, ಬೇಡ ಕಣವ್ವ” ಎಂದಳು ಜಯಮ್ಮ. ಅವಳ ಬೆರಳುಗಳ ನಡುವೆಯೂ ಅದೇ ಸಂದಿ. ನಾನು ಪಿಸುಗುಟ್ಟಿದೆ: “ಇಲ್ಲಿ ಬೇಕು ಅನ್ಬೇಕು ಕಣೇ, ಇಲ್ದಿದ್ರೆ ಹಾಕಲ್ಲ.”

ಜಯಮ್ಮ ನನ್ನನ್ನು ನೋಡಿದಳು, ಹೆಣ್ಣು ನೋಡಲು ಹೋದ ದಿನ ನೋಡಿದ ಹಾಗೆಯೇ. “ಮೊದ್ಲು ನೀವು ಫೋನಲ್ ಅಂದಿದ್ದನ್ನ ಇನ್ನೊಂದ್ಸಲ ಅನ್ನಿ.”

“ಯಾವುದನ್ನ?” ಎಂದೆ.

“ಗೊತ್ತಿಲ್ವಾ? ಅನ್ನಿ ಅಂದ್ರೆ.”

“ಎಲ್ರ ಮುಂದೆ ಏನೇ ಅದು...”

“ಅಂತೀರೋ ಇಲ್ವೋ?”

ಮೂರನೇ ಸಲ ಕೇಳಿದಳಲ್ಲ, ಹೇಳಿದೆ. ನೀನು ಬೇಕು ಎಂದೆ. ಕುಣಿಗಲ್ಲಿನ ಉಪ್ಪಿಟ್ಟಿನ ದಿನದಿಂದಲೂ ಬೇಕಿತ್ತು ಎಂದೆ. ಅವಳು ತಲೆ ತಗ್ಗಿಸಿ ಸೆರಗಿನಿಂದ ಮೂಗೊರೆಸಿಕೊಂಡು, “ಹಾಕವ್ವ, ಬೇಕು” ಎಂದಳು. ಅಷ್ಟರಲ್ಲಿ ಮುದ್ದೆ ಕೊನೆಯ ಸಾಲಿಗೆ ಹೋಗಿ ಖಾಲಿಯಾಗಿತ್ತು.

ನಾನು ಆಗಲೇ ಬೇಕು ಎಂದು ಹಾಕಿಸಿಕೊಂಡಿದ್ದ ಎರಡನೇ ಮುದ್ದೆ ನನ್ನ ತಟ್ಟೆಯಲ್ಲಿ ಇನ್ನೂ ಹಾಗೇ ಇತ್ತು. ಮುರಿದು ಅರ್ಧ ಅವಳ ತಟ್ಟೆಗೆ ಚಾಚಿದೆ. “ಬೇಡ ರೀ, ನೀವ್ ತಿನ್ನಿ” ಎಂದಳು. ನಾನು ಎರಡನೇ ಸಲ ಕೇಳಲಿಲ್ಲ, ಹಾಕಿಬಿಟ್ಟೆ. ಭವ್ಯ ಅನ್ನದ ಬೇಸಿನ್ ಹಿಡಿದು ಬಂದು, “ಮುದ್ದೆ ಅರ್ಧ ಆಯ್ತಲ್ಲ, ಅನ್ನ ಹಾಕ್ಲಾ?” ಎಂದಳು. “ಬೇಡಮ್ಮ” ಎಂದೆವು, ಇಬ್ಬರೂ ಒಟ್ಟಿಗೆ. ಅವಳು ಮುಂದಕ್ಕೆ ಹೋದಳು.

ಮನೆಗೆ ಬಂದು ಡಬ್ಬ ಕೆಳಗಿಳಿಸಿ, ಇಬ್ಬರೂ ಕಡಲೆಪುರಿ ತಿಂದೆವು.